ಮನೆಯಲ್ಲಿ ಧ್ವನಿಮುದ್ರಿಸಿದ ಹಾಡನ್ನು ಹದಗೊಳಿಸುವುದು ಹೇಗೆ? ಹವ್ಯಾಸಿಗಳಿಗಾಗಿ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ವಿವರಣೆ

ಒಂದು ಭಾವಗೀತೆಯನ್ನು ಧ್ವನಿಮುದ್ರಿಸಬೇಕೆಂದರೆ ಸ್ಟುಡಿಯೋವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕಿದ್ದ ಕಾಲ ಹೋಗಿದೆ. ಲ್ಯಾಪ್‌ಟಾಪ್, ಮೈಕಿನ ದನಿಯನ್ನು ಅದಕ್ಕೆ ದಾಟಿಸುವ ಪುಟ್ಟ ಆಡಿಯೋ ಇಂಟರ್‌ಫೇಸ್ ಮತ್ತು ಒಂದು ಮೈಕು ಇದ್ದರೆ ಮಲಗುವ ಕೋಣೆಯಲ್ಲಿಯೇ ಹಾಡನ್ನು ಮುದ್ರಿಸಿ ಅದೇ ಸಂಜೆ ಯೂಟ್ಯೂಬಿಗೆ ಏರಿಸಬಹುದು. ಆದರೆ ಹಾಗೆ ಏರಿಸಿದವರಲ್ಲಿ ಹೆಚ್ಚಿನವರಿಗೆ ಒಂದೇ ಬಗೆಯ ನಿರಾಸೆ ಕಾದಿರುತ್ತದೆ. ಹಾಡುಗಾರಿಕೆ ಚೆನ್ನಾಗಿದ್ದರೂ ಹಾಡು ಪಕ್ಕದ ಹಾಡಿಗಿಂತ ಮಂಕಾಗಿ ಕೇಳುತ್ತದೆ, ಹಾರ್ಮೋನಿಯಂ ಸಾಹಿತ್ಯವನ್ನು ನುಂಗುತ್ತದೆ, ಹೆಡ್‌ಫೋನಿನಲ್ಲಿ ಗುಮ್ಮೆನ್ನುವ ಡಗ್ಗಾದ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯದ, ನಾದ ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ. ಈ ಮೂರು ದೂರುಗಳಿಗೂ ಉತ್ತರವಿರುವುದು ಮುದ್ರಣದ ನಂತರ ನಡೆಯುವ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಎಂಬ ಎರಡು ಹಂತಗಳಲ್ಲಿ. ದನಿ, ಹಾರ್ಮೋನಿಯಂ, ತಬಲಾ, ಕೊಳಲು ಮತ್ತು ತಂಬೂರಿಯ ಶ್ರುತಿ ಇರುವ ಒಂದು ಸಾಮಾನ್ಯ ಭಾವಗೀತೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಎರಡು ಹಂತಗಳನ್ನು ಮೊದಲಿನಿಂದ ನೋಡೋಣ.

ಎರಡು ಕೆಲಸಗಳು, ಎರಡು ಉದ್ದೇಶಗಳು

ಇಂದಿನ ಧ್ವನಿಮುದ್ರಣದಲ್ಲಿ ಗಾಯನವನ್ನೂ ಪ್ರತಿಯೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಲಾಗುತ್ತದೆ. ಹೀಗೆ ಬೇರೆಯಾಗಿ ಉಳಿದ ಒಂದೊಂದು ಧ್ವನಿಗೂ ಟ್ರ್ಯಾಕ್ ಎಂದು ಹೆಸರು. ಈ ಟ್ರ್ಯಾಕುಗಳ ಪ್ರಮಾಣ, ಸ್ಥಾನ ಮತ್ತು ಗುಣವನ್ನು ಸರಿಹೊಂದಿಸಿ ಎಡ ಮತ್ತು ಬಲ ಎಂಬ ಎರಡೇ ವಾಹಿನಿಗಳ ಒಂದು ಕಡತವಾಗಿ ಕೂಡಿಸುವುದು ಮಿಕ್ಸಿಂಗ್. ಹಾಗೆ ಸಿದ್ಧವಾದ ಆ ಒಂದು ಕಡತವನ್ನು ಕೇಳುಗರ ಬಗೆಬಗೆಯ ಉಪಕರಣಗಳಿಗೂ ಪ್ರಕಟಣೆಯ ನಿಯಮಗಳಿಗೂ ಒಗ್ಗುವಂತೆ ಅಂತಿಮಗೊಳಿಸುವುದು ಮಾಸ್ಟರಿಂಗ್.

ಮದುವೆಯ ಗುಂಪು ಫೋಟೋ ತೆಗೆಯುವವರು ಎತ್ತರದವರನ್ನು ಹಿಂದಕ್ಕೆ ನಿಲ್ಲಿಸಿ, ಮಕ್ಕಳನ್ನು ಮುಂದೆ ಕೂರಿಸಿ, ಒಬ್ಬರ ಭುಜ ಇನ್ನೊಬ್ಬರ ಮುಖವನ್ನು ಮುಚ್ಚದಂತೆ ಎಡಬಲಕ್ಕೆ ಸರಿಸುತ್ತಾರಲ್ಲ, ಮಿಕ್ಸಿಂಗ್ ಹೆಚ್ಚುಕಡಿಮೆ ಅದೇ ಕೆಲಸ. ತೆಗೆದ ಫೋಟೋವನ್ನು ಆಲ್ಬಮ್ಮಿನ ಅಳತೆಗೆ ತಕ್ಕಂತೆ ಕತ್ತರಿಸಿ ಬೆಳಕು ತಿದ್ದಿ ಮುದ್ರಿಸುವುದು ಮಾಸ್ಟರಿಂಗ್. ಮುಖ ಮುಚ್ಚಿಹೋದವರನ್ನು ಮುದ್ರಣದ ಹಂತದಲ್ಲಿ ಹೊರಗೆಳೆಯಲಾಗದಂತೆಯೇ, ಹಾರ್ಮೋನಿಯಮ್ಮಿನಲ್ಲಿ ಮುಳುಗಿದ ದನಿಯನ್ನು ಮಾಸ್ಟರಿಂಗಿನಲ್ಲಿ ಮೇಲೆತ್ತುವುದು ಬಹಳ ಕಷ್ಟ.

ಈ ಎರಡು ಕೆಲಸಗಳು ಹುಟ್ಟಿದ್ದೂ ಬೇರೆ ಬೇರೆ ಕಾರಣಗಳಿಂದ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನಿಗಾಗಿ ಮುದ್ರಿಸಿಕೊಂಡಾಗ ಇದ್ದದ್ದು ಒಂದು ತುತ್ತೂರಿಯಂಥ ಕೊಳವೆ ಮಾತ್ರ. ಯಾರು ಕೊಳವೆಗೆ ಎಷ್ಟು ಹತ್ತಿರ ಕೂರಬೇಕು ಎಂಬ ನಿರ್ಧಾರವೇ ಅಂದಿನ ಮಿಕ್ಸಿಂಗ್ ಆಗಿತ್ತು. ವಿದ್ಯುತ್ ಮೈಕುಗಳಿಂದ ಮುದ್ರಿಸುವ ಪದ್ಧತಿ 1925ರಲ್ಲಿ ಬಂದಿತು. 1957ರಲ್ಲಿ ಆಂಪೆಕ್ಸ್ ಕಂಪನಿ ಎಂಟು ಟ್ರ್ಯಾಕುಗಳ ಟೇಪ್ ಯಂತ್ರವೊಂದನ್ನು ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಒದಗಿಸಿತು. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು ಮುದ್ರಿಸಿದಾಗ ಈ ವಿದ್ಯೆ ಮೊದಲ ಬಾರಿಗೆ ಮನೆಯ ಮೇಜಿಗೆ ಬಂದಿತು. ನಮ್ಮಲ್ಲಿ ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದವು. ಶಂಕರ್ ನಾಗ್ ಮತ್ತು ಅನಂತ್ ನಾಗ್ ಸೋದರರ ಸಂಕೇತ್ ಸ್ಟುಡಿಯೋ ಬೆಂಗಳೂರಿನಲ್ಲಿ ತಲೆಯೆತ್ತಿದ್ದು 1980ರ ದಶಕದಲ್ಲಿ.

ಮಾಸ್ಟರಿಂಗ್ ಹುಟ್ಟಿದ್ದು ತಟ್ಟೆ ಕೊರೆಯುವ ಕೆಲಸದಿಂದ. 1948ರಲ್ಲಿ ಬಂದ ಎಲ್‌ಪಿ ತಟ್ಟೆಗಳಲ್ಲಿ ತಗ್ಗಿನ ನಾದ ಅತಿಯಾದರೆ ಗೀರು ಅಗಲವಾಗಿ ಜಾಗ ಸಾಲದಾಗುತ್ತಿತ್ತು, ಇಲ್ಲವೇ ಮುಳ್ಳು ಗೀರಿನಿಂದ ಹಾರಿಬೀಳುತ್ತಿತ್ತು. ಟೇಪಿನಲ್ಲಿದ್ದ ಸಂಗೀತವನ್ನು ತಟ್ಟೆ ಹೊರಬಲ್ಲ ಮಿತಿಗೆ ತರಲು ಒಬ್ಬ ತಜ್ಞ ಬೇಕಾಯಿತು. ತಟ್ಟೆ ಹೋಗಿ ಮೊಬೈಲ್ ಬಂದರೂ ಆ ಕೆಲಸದ ತಿರುಳು ಬದಲಾಗಿಲ್ಲ.

ತಿಳಿದಿರಬೇಕಾದ ಅಳತೆಗಳು

ನಾದವೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಕಂಪನಗಳು ಎಂಬ ಸಂಖ್ಯೆಯೇ ಕಂಪನಾಂಕ, ಅದರ ಅಳತೆ ಹರ್ಟ್ಸ್. ಎಳೆಯ, ಆರೋಗ್ಯವಂತ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ನಾದ ಕೇಳಿಸುತ್ತದೆ, ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತ ಬರುತ್ತದೆ. ಗಂಡಸರು ಹೆಚ್ಚಾಗಿ ಹಾಡುವ ಕಪ್ಪು ಒಂದರ ಶ್ರುತಿಯಲ್ಲಿ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಾರ ಷಡ್ಜ ಅದರ ಎರಡರಷ್ಟು, ಅಂದರೆ 277. ಹೆಂಗಸರಲ್ಲಿ ಹಲವರು ಆಯ್ದುಕೊಳ್ಳುವ ಕಪ್ಪು ನಾಲ್ಕರಲ್ಲಿ ಮಧ್ಯ ಷಡ್ಜ ಸುಮಾರು 208 ಹರ್ಟ್ಸ್. ಶ್ರುತಿಯ ಜ್ಞಾನವಿರುವ ಹಾಡುಗಾರರಿಗೆ ಈ ಸಂಖ್ಯೆಗಳು, ಆಯ್ದ ಕಂಪನಾಂಕಗಳ ಬಲವನ್ನು ತಗ್ಗಿಸುವ ಅಥವಾ ಹೆಚ್ಚಿಸುವ ಈಕ್ವಲೈಸರಿನ ಪರದೆಯ ಮೇಲೆ ದಿಕ್ಕು ತೋರಿಸುತ್ತವೆ.

ಎರಡನೆಯ ಅಳತೆ ಡೆಸಿಬಲ್, ಅದು ಎರಡು ಪ್ರಮಾಣಗಳ ಹೋಲಿಕೆ. ಡಿಜಿಟಲ್ ಮುದ್ರಣದಲ್ಲಿ ಸಾಧ್ಯವಿರುವ ಗರಿಷ್ಠ ಮಟ್ಟಕ್ಕೆ 0 ಎಂದು ಹೆಸರಿಟ್ಟು ಉಳಿದದ್ದನ್ನೆಲ್ಲ ಋಣ ಸಂಖ್ಯೆಗಳಲ್ಲಿ ಹೇಳುತ್ತಾರೆ. 6 ಡೆಸಿಬಲ್ ಏರಿಸಿದರೆ ಅಲೆಯ ಎತ್ತರ ಎರಡರಷ್ಟಾಗುತ್ತದೆ, ಆದರೆ ಕಿವಿಗೆ ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬಲ್ ಬೇಕು. ಅಲೆ ಸೊನ್ನೆಯನ್ನು ಮೀರಿದರೆ ಅದರ ತುದಿ ಕತ್ತರಿಸಿಹೋಗಿ ಕರಕರ ಸದ್ದು ಬರುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ.

ಮೂರನೆಯದು ಸ್ಯಾಂಪಲ್ ದರ ಮತ್ತು ಬಿಟ್. ಅಲೆಯ ಎತ್ತರವನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ಬರೆದುಕೊಳ್ಳುತ್ತೇವೆ ಎಂಬುದು ಸ್ಯಾಂಪಲ್ ದರ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಅದು 44,100, ವಿಡಿಯೋ ಜೊತೆಗಿನ ಧ್ವನಿಗೆ ರೂಢಿಯಲ್ಲಿರುವುದು 48,000. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದುಕೊಳ್ಳುತ್ತೇವೆ ಎಂಬುದನ್ನು ಬಿಟ್ ಹೇಳುತ್ತದೆ. 16 ಬಿಟ್‌ನಲ್ಲಿ ಅತಿ ಮೆಲುದನಿಗೂ ಗರಿಷ್ಠ ದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವಿದ್ದರೆ 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬಲ್ ಇರುತ್ತದೆ. ಮನೆಯ ಮುದ್ರಣಕ್ಕೆ 24 ಬಿಟ್, 48,000 ಎಂಬ ಆಯ್ಕೆ ಸಾಕು. ಇಷ್ಟು ಅಂತರ ಇರುವುದರಿಂದ ಮುದ್ರಿಸುವಾಗ ಸೊನ್ನೆಯ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಏರುದನಿಯ ಜಾಗಗಳು −12ರಿಂದ −6ರ ನಡುವೆ ನಿಂತರೆ ತಾರಸ್ಥಾಯಿಯಲ್ಲಿ ಉತ್ಸಾಹ ಉಕ್ಕಿದರೂ ಕ್ಲಿಪ್ ಆಗದು.

ಕೋಣೆ ಮತ್ತು ಮೈಕು

ಮಿಕ್ಸಿಂಗ್ ಕಲಿಯಲು ಹೊರಟವರು ಪ್ಲಗಿನ್‌ಗಳನ್ನು, ಅಂದರೆ ತಂತ್ರಾಂಶಕ್ಕೆ ಸೇರಿಸುವ ಚಿಕ್ಕ ಉಪಕರಣಗಳನ್ನು, ಹುಡುಕುತ್ತಾರೆ. ತೊಂದರೆಯ ಮೂಲ ಬಹುತೇಕ ಕೋಣೆಯಲ್ಲಿರುತ್ತದೆ. ನುಣುಪಾದ ಗೋಡೆ ಮತ್ತು ಟೈಲ್ಸ್ ಅಥವಾ ಗ್ರಾನೈಟ್ ನೆಲವಿರುವ ನಮ್ಮ ಮನೆಗಳಲ್ಲಿ ದನಿ ಎಲ್ಲ ಕಡೆಯಿಂದಲೂ ಪುಟಿದು ಮೈಕಿಗೆ ಮರಳುತ್ತದೆ. ಒಮ್ಮೆ ದನಿಯೊಂದಿಗೆ ಮುದ್ರಣವಾದ ಆ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿಯಾಗಿ ಬಿಡಿಸಲು ಬರುವುದಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಹಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಟ್ಟು, ನೆಲಕ್ಕೆ ಜಮಖಾನೆ ಹಾಸಿದರೆ ಮೇಲಿನ ಕಂಪನಾಂಕಗಳ ಪುಟಿತ ಬಹಳಷ್ಟು ತಗ್ಗುತ್ತದೆ.

ತಗ್ಗಿನ ನಾದಕ್ಕೆ ಈ ಉಪಾಯ ಸಾಲದು. 100 ಹರ್ಟ್ಸ್ ನಾದದ ಒಂದು ಅಲೆಯ ಉದ್ದ ಸುಮಾರು 3.4 ಮೀಟರ್, ಅಷ್ಟು ಉದ್ದದ ಅಲೆಯನ್ನು ಒಂದು ಕಂಬಳಿ ತಡೆಯಲಾರದು. ಎದುರುಬದುರು ಗೋಡೆಗಳ ನಡುವಿನ ದೂರ ಅಲೆಯ ಉದ್ದದ ಅರ್ಧಕ್ಕೆ ಸರಿಹೊಂದಿದಾಗ ಆ ಕಂಪನಾಂಕ ಕೋಣೆಯಲ್ಲಿ ಅನುರಣಿಸತೊಡಗುತ್ತದೆ. ಹತ್ತಡಿ ಅಗಲದ ಕೋಣೆಯಲ್ಲಿ ಇದು ಸುಮಾರು 56 ಹರ್ಟ್ಸ್‌ನಲ್ಲಿಯೂ ಅದರ ಎರಡರಷ್ಟಾದ 112ರಲ್ಲಿಯೂ ಆಗುತ್ತದೆ. ಉದ್ದವೂ ಹತ್ತಡಿಯೇ ಆಗಿದ್ದರೆ ಎರಡು ದಿಕ್ಕಿನ ಅನುರಣನಗಳೂ ಒಂದೇ ಕಡೆ ಕೂಡಿಕೊಂಡು ದೋಷ ಇಮ್ಮಡಿಸುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಡಗ್ಗಾ ಗುಡುಗಿದಂತೆಯೂ ಎರಡು ಹೆಜ್ಜೆ ಆಚೆ ಮಾಯವಾದಂತೆಯೂ ಕೇಳುವುದು ಇದರಿಂದಲೇ. ಚೌಕ ಕೋಣೆಯಲ್ಲಿ ಸ್ಪೀಕರ್ ಇಟ್ಟುಕೊಂಡು ತಗ್ಗಿನ ನಾದದ ಪ್ರಮಾಣವನ್ನು ನಿರ್ಧರಿಸುವುದಕ್ಕಿಂತ ಒಳ್ಳೆಯ ಹೆಡ್‌ಫೋನನ್ನು ನಂಬುವುದು ಲೇಸು.

ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರನ್ನು ನಡುವೆ ನಿಲ್ಲಿಸಬೇಕು. ಒಂದೇ ದಿಕ್ಕಿನಿಂದ ಹೆಚ್ಚು ಗ್ರಹಿಸುವ ಮೈಕುಗಳು ಬಾಯಿಗೆ ಹತ್ತಿರವಾದಷ್ಟೂ ತಗ್ಗಿನ ನಾದವನ್ನು ಉಬ್ಬಿಸುತ್ತವೆ, ಹಾಗಾಗಿ ಹಾಡುವಾಗ ದೂರ ಬದಲಾದರೆ ದನಿಯ ಬಣ್ಣವೂ ಬದಲಾಗುತ್ತದೆ. ಫ್ಯಾನ್ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಫ್ರಿಜ್ಜು ತಾನೇ ತಾನಾಗಿ ಶುರುವಾಗುವುದು ಮಾತ್ರ ಪಲ್ಲವಿ ಮುಗಿದ ಮೇಲೆಯೇ ಗಮನಕ್ಕೆ ಬರುತ್ತದೆ.

ಇನ್ನೊಂದು ತೊಡಕು ವಿಳಂಬದ್ದು. ಹಾಡಿದ ದನಿ ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಮರಳಲು ಸಮಯ ಹಿಡಿಯುತ್ತದೆ. ತಂತ್ರಾಂಶ ಒಮ್ಮೆಗೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು, ಅಂದರೆ ಬಫರ್, 256 ಸ್ಯಾಂಪಲ್ ಇದ್ದರೆ ಒಂದು ದಾರಿಗೆ 5.3 ಮಿಲಿಸೆಕೆಂಡು, ಹೋಗಿಬರಲು ಹತ್ತಕ್ಕಿಂತ ಹೆಚ್ಚು. ಲಯ ಕೈತಪ್ಪುತ್ತಿದೆ ಎನ್ನಿಸಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಬೇಕು. ಆಗ ದನಿ ಕಂಪ್ಯೂಟರನ್ನು ಬಳಸಿ ಬರದೆ ನೇರವಾಗಿ ಕಿವಿಗೆ ಬರುತ್ತದೆ.

ಮೊದಲು ಫೇಡರ್, ಆಮೇಲೆ ಉಳಿದದ್ದು

ಪ್ರತಿ ಟ್ರ್ಯಾಕಿನ ಪ್ರಮಾಣವನ್ನು ಏರಿಳಿಸುವ ಜಾರುಗುಂಡಿಗೆ ಫೇಡರ್ ಎನ್ನುತ್ತಾರೆ. ಆ ಟ್ರ್ಯಾಕನ್ನು ಎಡಬಲಗಳ ನಡುವೆ ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಪ್ಯಾನ್. ಹೊಸಬರು ಕೆಲವು ವಾರಗಳ ಕಾಲ ಈ ಎರಡನ್ನು ಬಿಟ್ಟು ಬೇರೇನನ್ನೂ ಮುಟ್ಟದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಭಾವಗೀತೆಯಲ್ಲಿ ಮಾತೇ ಮುಖ್ಯ, ಆದ್ದರಿಂದ ಎಲ್ಲ ಫೇಡರುಗಳನ್ನೂ ಕೆಳಗಿಳಿಸಿ ದನಿಯನ್ನು ಮೊದಲು ಏರಿಸಬೇಕು. ನಂತರ ತಬಲಾ, ಆಮೇಲೆ ಹಾರ್ಮೋನಿಯಂ, ಕೊನೆಗೆ ಕೊಳಲು. ಪ್ರತಿಯೊಂದನ್ನೂ ಸೇರಿಸುವಾಗ ಸಾಹಿತ್ಯದ ಯಾವ ಅಕ್ಷರ ಮರೆಯಾಯಿತು ಎಂದು ಕೇಳಿಸಿಕೊಂಡು ಅಲ್ಲಿಯೇ ನಿಲ್ಲಿಸಬೇಕು. ತಂಬೂರಿ ಇದೆ ಎಂದು ಗೊತ್ತಾಗದಷ್ಟು, ತೆಗೆದರೆ ಮಾತ್ರ ಕೊರತೆ ಕಾಣುವಷ್ಟು ಇದ್ದರೆ ಸಾಕು. ದನಿ ಮತ್ತು ಡಗ್ಗಾ ನಡುವಿನಲ್ಲಿರಲಿ, ಹಾರ್ಮೋನಿಯಂ ಸ್ವಲ್ಪ ಎಡಕ್ಕೂ ಕೊಳಲು ಸ್ವಲ್ಪ ಬಲಕ್ಕೂ ಸರಿದರೆ ಗಾಯಕನ ಎದುರು ಜಾಗ ತೆರವಾಗುತ್ತದೆ. ಹೀಗೆ ಹೊಂದಿಸಿದ ಮೇಲೆ ಒಮ್ಮೆ ಮೋನೋದಲ್ಲಿ, ಅಂದರೆ ಎಡಬಲಗಳನ್ನು ಒಂದಾಗಿ ಬೆರೆಸಿ, ಕೇಳಬೇಕು. ಒಂದೇ ಸ್ಪೀಕರಿನ ಫೋನು, ಬ್ಲೂಟೂತ್ ಡಬ್ಬಿಗಳಲ್ಲಿ ಹಾಡು ಕೇಳಿಸುವುದು ಹಾಗೆಯೇ.

ದನಿಯ ಪ್ರಮಾಣ ಹಾಡಿನುದ್ದಕ್ಕೂ ಒಂದೇ ಇರಬೇಕಿಲ್ಲ. ಪಲ್ಲವಿಯ ಪಿಸುಮಾತಿನಂಥ ಸಾಲಿಗೂ ಚರಣದ ತಾರಸ್ಥಾಯಿಗೂ ಬೇರೆ ಬೇರೆ ಮಟ್ಟ ಬೇಕಾಗುತ್ತದೆ. ಫೇಡರಿನ ಚಲನೆಯನ್ನು ಸಾಲು ಸಾಲಿಗೂ ಬರೆದಿಡುವ ಈ ಸೌಲಭ್ಯಕ್ಕೆ ಆಟೊಮೇಷನ್ ಎಂದು ಹೆಸರು. ಬೇಸರದ ಕೆಲಸ ನಿಜ, ಆದರೆ ಮಾತು ಸ್ಪಷ್ಟವಾಗುವುದಕ್ಕೆ ಇದಕ್ಕಿಂತ ನಂಬಿಕೆಯ ದಾರಿಯಿಲ್ಲ.

ಹಾರ್ಮೋನಿಯಂ ದನಿಯನ್ನು ನುಂಗುವುದೇಕೆ?

ಒಂದು ಸ್ವರ ಹಾಡಿದಾಗ ಹೊರಡುವುದು ಒಂದೇ ಕಂಪನಾಂಕವಲ್ಲ. 139 ಹರ್ಟ್ಸ್‌ನ ಷಡ್ಜದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕಗಳೂ ಏಕಕಾಲಕ್ಕೆ ಹೊಮ್ಮುತ್ತವೆ. ಇವುಗಳಿಗೆ ಹಾರ್ಮೋನಿಕ್‌ಗಳು ಎಂದು ಹೆಸರು. ಯಾವ ಹಾರ್ಮೋನಿಕ್ ಎಷ್ಟು ಬಲವಾಗಿದೆ ಎಂಬುದರ ಮೇಲೆಯೇ ಅದು ಕೊಳಲೋ ದನಿಯೋ ಎಂದು ನಾವು ಗುರುತಿಸುತ್ತೇವೆ. ಹಾರ್ಮೋನಿಯಮ್ಮಿನ ರೀಡುಗಳು ಅದೇ ಷಡ್ಜವನ್ನು ಎರಡು ಮೂರು ಸ್ಥಾಯಿಗಳಲ್ಲಿ ನುಡಿಸುತ್ತ, ಹಾಡುಗಾರ ಹಿಡಿದ ಸ್ವರವನ್ನೇ ಹಿಂಬಾಲಿಸುತ್ತ, ಬಲವಾದ ಹಾರ್ಮೋನಿಕ್‌ಗಳ ದೊಡ್ಡ ಸಾಲನ್ನೇ ಎಬ್ಬಿಸುತ್ತವೆ. ಎರಡು ನಾದಗಳು ಒಂದೇ ಕಂಪನಾಂಕದ ನೆರೆಯಲ್ಲಿದ್ದಾಗ ಬಲವಾದದ್ದು ಇನ್ನೊಂದನ್ನು ಕೇಳಿಸದಂತೆ ಮಾಡುವುದು ಕಿವಿಯ ಸ್ವಭಾವ. ಇದನ್ನು ಮಾಸ್ಕಿಂಗ್ ಎನ್ನುತ್ತಾರೆ. ಮಿಕ್ಸಿಂಗಿನ ಬಹುಪಾಲು ಶ್ರಮ ಖರ್ಚಾಗುವುದು ಈ ಮಾಸ್ಕಿಂಗನ್ನು ಬಿಡಿಸುವುದರಲ್ಲಿ.

ಇದಕ್ಕಿರುವ ಸಾಧನ ಈಕ್ವಲೈಸರ್. ಆಯ್ದ ಕಂಪನಾಂಕಗಳ ಪಟ್ಟಿಯನ್ನು ಮಾತ್ರ ತಗ್ಗಿಸುವ ಅಥವಾ ಹೆಚ್ಚಿಸುವ ಉಪಕರಣ ಅದು. ಹೊಸಬರು ದನಿ ಕೇಳಿಸದಿದ್ದರೆ ದನಿಯನ್ನೇ ಏರಿಸುತ್ತಾರೆ, ಆಮೇಲೆ ತಬಲಾ ಸಾಲದೆಂದು ಅದನ್ನೂ ಏರಿಸುತ್ತಾರೆ, ಹೀಗೆ ಎಲ್ಲವೂ ಏರಿ ಮೊದಲಿನ ಸ್ಥಿತಿಗೇ ಬಂದು ನಿಲ್ಲುತ್ತದೆ. ಇದರ ಬದಲು ಹಾರ್ಮೋನಿಯಮ್ಮಿನಲ್ಲಿ 1,000ದಿಂದ 3,000 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ತಗ್ಗಿಸಿದರೆ ದನಿಯನ್ನು ಮುಟ್ಟದೆಯೇ ಮಾತು ಮುಂದೆ ಬರುತ್ತದೆ, ಏಕೆಂದರೆ ವ್ಯಂಜನಗಳನ್ನು ಬಿಡಿಸಿ ಹೇಳುವ ಸ್ಪಷ್ಟತೆ ಇರುವುದು ಸುಮಾರು 2,000ದಿಂದ 5,000 ಹರ್ಟ್ಸ್‌ನಲ್ಲಿ. ಕಿವಿಯೂ ಅತ್ಯಂತ ಸೂಕ್ಷ್ಮವಾಗಿರುವುದು ಅದೇ ಭಾಗದಲ್ಲಿ. ಹಾರ್ಮೋನಿಯಮ್ಮನ್ನು ಒಂಟಿಯಾಗಿ ಕೇಳಿದಾಗ ಅದು ತುಸು ಸಪ್ಪೆಯೆನಿಸಬಹುದು. ಕೇಳುಗ ಅದನ್ನು ಒಂಟಿಯಾಗಿ ಎಂದೂ ಕೇಳುವುದಿಲ್ಲವಾದ್ದರಿಂದ ಆ ಚಿಂತೆ ಬೇಕಿಲ್ಲ.

ದನಿಯ ಟ್ರ್ಯಾಕಿನಲ್ಲಿ ಮಾಡಬೇಕಾದ ಮೊದಲ ಕೆಲಸ ಹೈಪಾಸ್ ಫಿಲ್ಟರ್ ಹಾಕುವುದು. ನಿಗದಿಪಡಿಸಿದ ಕಂಪನಾಂಕಕ್ಕಿಂತ ಕೆಳಗಿನದನ್ನು ಇದು ಕ್ರಮೇಣ ಇಳಿಸುತ್ತದೆ. ಕಪ್ಪು ಒಂದರಲ್ಲಿ ಹಾಡುವವರ ಮಂದ್ರ ಪಂಚಮ ಸುಮಾರು 104 ಹರ್ಟ್ಸ್, ಅದಕ್ಕೂ ಕೆಳಗೆ ಅವರು ಹೋಗದಿದ್ದರೆ 80 ಹರ್ಟ್ಸ್‌ನಲ್ಲಿ ಹೈಪಾಸ್ ಇಟ್ಟರೆ ಗಾಯನಕ್ಕೆ ಹಾನಿಯಿಲ್ಲ, ರಸ್ತೆಯ ಲಾರಿಯ ಗುಡುಗು ಮತ್ತು ಮೈಕಿನ ಕಂಬಕ್ಕೆ ತಾಗಿದ ಸದ್ದು ಹೋಗುತ್ತವೆ. ದನಿ ಡಬ್ಬಿಯೊಳಗಿಂದ ಬಂದಂತಿದ್ದರೆ 200ರಿಂದ 400 ಹರ್ಟ್ಸ್ ನಡುವೆ ಒಂದಿಷ್ಟು ತಗ್ಗಿಸಿ ನೋಡಬೇಕು. ಸ, ಶ, ಷ ಅಕ್ಷರಗಳ ಸೀಟಿ ಚುಚ್ಚುತ್ತಿದ್ದರೆ ಅದು ಸಾಮಾನ್ಯವಾಗಿ 5,000ದಿಂದ 8,000 ಹರ್ಟ್ಸ್‌ನಲ್ಲಿರುತ್ತದೆ. ಅದನ್ನು ಈಕ್ವಲೈಸರಿನಿಂದ ಸದಾಕಾಲ ಇಳಿಸಿಟ್ಟರೆ ದನಿ ಮಸುಕಾಗುತ್ತದೆ, ಆದ್ದರಿಂದ ಆ ಅಕ್ಷರ ಬಂದಾಗ ಮಾತ್ರ ಅದುಮುವ ಡಿ-ಎಸ್ಸರ್ ಎಂಬ ಪ್ಲಗಿನ್ನನ್ನು ಬಳಸುತ್ತಾರೆ.

ಇನ್ನು ಮೊಬೈಲಿನಲ್ಲಿ ಮಾಯವಾಗುವ ಡಗ್ಗಾದ ವಿಷಯ. ಅದರ ಮೂಲ ನಾದ 100 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ, ಫೋನಿನ ಪುಟ್ಟ ಸ್ಪೀಕರು ಅಷ್ಟು ತಗ್ಗಿನ ಅಲೆಯನ್ನು ಎಬ್ಬಿಸಲಾರದು. ಹಾಗೆಂದು 100 ಹರ್ಟ್ಸನ್ನು ಇನ್ನಷ್ಟು ಹೆಚ್ಚಿಸಿದರೆ ಫೋನಿನಲ್ಲಿ ಏನೂ ಬದಲಾಗುವುದಿಲ್ಲ, ಕಾರಿನಲ್ಲಿ ಮಾತ್ರ ಬಾಗಿಲು ನಡುಗುತ್ತದೆ. ಪರಿಹಾರವಿರುವುದು ಹಾರ್ಮೋನಿಕ್‌ಗಳಲ್ಲಿ. ಮೂಲ ಕಂಪನಾಂಕ ಇಲ್ಲದಿದ್ದರೂ ಅದರ ಹಾರ್ಮೋನಿಕ್‌ಗಳು ಕೇಳಿಸಿದರೆ ಮಿದುಳು ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಸ್ಯಾಚುರೇಷನ್ ಎಂಬ ಪ್ಲಗಿನ್ ಅಲೆಯನ್ನು ಹದವಾಗಿ ವಿರೂಪಗೊಳಿಸಿ 200, 300, 400 ಹರ್ಟ್ಸ್‌ನ ಹಾರ್ಮೋನಿಕ್‌ಗಳನ್ನು ಹೆಚ್ಚಿಸುತ್ತದೆ. ಅದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಡಗ್ಗಾದ ಗುಂಕಾರ ಫೋನಿನಲ್ಲೂ ಸುಳಿವು ಕೊಡುತ್ತದೆ.

ಕಂಪ್ರೆಸರ್: ಏರಿಳಿತದ ಅಂಕೆ

ದನಿ ಜೋರಾದಾಗ ತಾನಾಗಿಯೇ ಫೇಡರನ್ನು ಇಳಿಸಿ, ಮೆತ್ತಗಾದಾಗ ಮರಳಿ ಬಿಡುವ ಉಪಕರಣವೇ ಕಂಪ್ರೆಸರ್. ಅದಕ್ಕೆ ನಾಲ್ಕು ಮುಖ್ಯ ಗುಂಡಿಗಳಿವೆ. ಯಾವ ಮಟ್ಟ ದಾಟಿದರೆ ಕೆಲಸ ಶುರುಮಾಡಬೇಕು ಎಂಬುದು ಥ್ರೆಶ್‌ಹೋಲ್ಡ್, ದಾಟಿದ ಭಾಗವನ್ನು ಎಷ್ಟು ಪಾಲು ತಗ್ಗಿಸಬೇಕು ಎಂಬುದು ರೇಶಿಯೋ, ಎಷ್ಟು ಬೇಗ ಹಿಡಿಯಬೇಕು ಎಂಬುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಎಂಬುದು ರಿಲೀಸ್. ಥ್ರೆಶ್‌ಹೋಲ್ಡ್ −18, ರೇಶಿಯೋ 4ಕ್ಕೆ 1 ಎಂದಿಟ್ಟುಕೊಳ್ಳೋಣ. ದನಿ −10ಕ್ಕೆ ಏರಿತೆಂದರೆ ಅದು ಮಿತಿಯನ್ನು 8 ಡೆಸಿಬಲ್ ದಾಟಿದಂತಾಯಿತು. ಕಂಪ್ರೆಸರ್ ಆ 8ನ್ನು ನಾಲ್ಕರಿಂದ ಭಾಗಿಸಿ 2 ಮಾತ್ರ ಉಳಿಸುತ್ತದೆ, ಅಂದರೆ ಹೊರಬರುವ ಮಟ್ಟ −16. ಇಲ್ಲಿ 6 ಡೆಸಿಬಲ್ ಇಳಿದಿದೆ. ಭಾವಗೀತೆಯ ದನಿಗೆ ಅತಿ ಜೋರಿನ ಜಾಗಗಳಲ್ಲಿ 3ರಿಂದ 6 ಡೆಸಿಬಲ್ ಇಳಿದರೆ ಸಾಕಾಗುತ್ತದೆ.

ತಬಲಾಕ್ಕೆ ಕಂಪ್ರೆಸರ್ ಹಾಕುವಾಗ ಅಟ್ಯಾಕ್ ಗುಂಡಿಯ ಮೇಲೆ ವಿಶೇಷ ಗಮನ ಬೇಕು. ಒಂದೆರಡು ಮಿಲಿಸೆಕೆಂಡಿನಲ್ಲೇ ಅದು ಹಿಡಿದುಬಿಟ್ಟರೆ "ನಾ", "ತಾ" ಬೋಲುಗಳ ಬೆರಳಿನ ಹೊಡೆತವೇ ಚಪ್ಪಟೆಯಾಗಿ ತಬಲಾ ದೂರದಲ್ಲೆಲ್ಲೋ ಬಾರಿಸಿದಂತೆ ಕೇಳುತ್ತದೆ. ಅಟ್ಯಾಕನ್ನು 20ರಿಂದ 30 ಮಿಲಿಸೆಕೆಂಡಿಗೆ ನಿಧಾನಿಸಿದರೆ ಹೊಡೆತ ಪಾರಾಗಿ ಅದರ ಹಿಂದಿನ ನಾದ ಮಾತ್ರ ಅಂಕೆಗೆ ಬರುತ್ತದೆ.

ದೂರದ ಭ್ರಮೆ

ರಿವರ್ಬ್ ಎಂದರೆ ಕೋಣೆ ಅಥವಾ ಸಭಾಂಗಣದ ಪ್ರತಿಧ್ವನಿಗಳ ಸಮೂಹವನ್ನು ಲೆಕ್ಕದಿಂದ ಸೃಷ್ಟಿಸುವ ಪ್ಲಗಿನ್. ಪ್ರತಿ ಟ್ರ್ಯಾಕಿಗೂ ಬೇರೆ ರಿವರ್ಬ್ ಹಾಕಿದರೆ ಐವರು ಐದು ಊರುಗಳಲ್ಲಿ ಕೂತು ನುಡಿಸಿದಂತಾಗುತ್ತದೆ. ಒಂದೇ ರಿವರ್ಬನ್ನು ಬಸ್ ಎಂಬ ಪ್ರತ್ಯೇಕ ಸಾಮೂಹಿಕ ಟ್ರ್ಯಾಕಿನಲ್ಲಿಟ್ಟು ಎಲ್ಲರಿಂದಲೂ ಬೇಕಾದಷ್ಟು ಪಾಲನ್ನು ಅಲ್ಲಿಗೆ ಕಳಿಸುವುದು ಸರಿಯಾದ ಕ್ರಮ. ಮೂಲ ದನಿಗೂ ಮೊದಲ ಪ್ರತಿಧ್ವನಿಗೂ ನಡುವಿನ ಅಂತರವಾದ ಪ್ರಿ-ಡಿಲೇಯನ್ನು 20ರಿಂದ 40 ಮಿಲಿಸೆಕೆಂಡು ಇಟ್ಟರೆ ಅಕ್ಷರಗಳು ಮಸುಕಾಗುವುದಿಲ್ಲ. ರಿವರ್ಬಿನ ತಗ್ಗಿನ ನಾದವನ್ನು ಹೈಪಾಸಿನಿಂದ ತೆಗೆದುಬಿಡಬೇಕು. ಕೇಳಿದೊಡನೆ ರಿವರ್ಬ್ ಇದೆ ಎಂದು ಗೊತ್ತಾದರೆ ಬಹುಶಃ ಅದು ಹೆಚ್ಚಾಗಿದೆ.

ಶ್ರುತಿ ತಿದ್ದುವ ತಂತ್ರಾಂಶ ಮತ್ತು ಗಮಕ

1997ರಲ್ಲಿ ಆಂಟಾರೆಸ್ ಕಂಪನಿಯ ಆಟೋಟ್ಯೂನ್ ಬಂದ ಮೇಲೆ ಅಪಶ್ರುತಿಯನ್ನು ತಿದ್ದುವುದು ಸುಲಭವಾಗಿದೆ. ಇಂಥ ತಂತ್ರಾಂಶಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ, ದನಿಯನ್ನು ಹತ್ತಿರದ ಮೆಟ್ಟಿಲಿಗೆ ಎಳೆಯುತ್ತವೆ. ನಮ್ಮ ಗಾಯನದಲ್ಲಿ ಸ್ವರವೊಂದು ಮತ್ತೊಂದಕ್ಕೆ ಜಾರುವ, ಎರಡರ ನಡುವೆ ತೂಗುವ ಗಮಕಗಳೇ ಭಾವವನ್ನು ಹೊರುತ್ತವೆ. ಸ್ವಯಂಚಾಲಿತ ತಿದ್ದುಪಡಿಯನ್ನು ವೇಗವಾಗಿ ಇಟ್ಟರೆ ಅದು ಜಾರುವಿಕೆಯನ್ನು ತಪ್ಪೆಂದು ತಿಳಿದು ಮೆಟ್ಟಿಲು ಮಾಡುತ್ತದೆ. ತಿದ್ದಲೇಬೇಕಾದರೆ ನಿಂತ ಸ್ವರಗಳನ್ನು ಮಾತ್ರ ಆರಿಸಿಕೊಂಡು ಕೈಯಿಂದ ತಿದ್ದಬಹುದು. ಆ ಸಾಲನ್ನು ಇನ್ನೊಮ್ಮೆ ಹಾಡಿಸುವುದು ಅದಕ್ಕಿಂತ ಬೇಗ ಮುಗಿಯುವ ಕೆಲಸ.

ಕಿವಿ ಮಾಡುವ ಮೋಸ

1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ಅಧ್ಯಯನ, ಮೆಲ್ಲನೆ ಕೇಳುವಾಗ ಕಿವಿ ತಗ್ಗಿನ ನಾದಗಳನ್ನು ಹೋಲಿಕೆಯಲ್ಲಿ ಬಹಳ ಕಡಿಮೆ ಗ್ರಹಿಸುತ್ತದೆ ಎಂದು ತೋರಿಸಿತು. ಜೋರಾಗಿ ಕೇಳುತ್ತ ಮಿಕ್ಸ್ ಮಾಡಿದರೆ ಡಗ್ಗಾ ಸಾಕಷ್ಟಿದೆ ಎನ್ನಿಸಿ, ಅದೇ ಹಾಡು ಮೆಲ್ಲನೆ ಕೇಳಿದಾಗ ತೆಳುವಾಗುವುದು ಇದರಿಂದಲೇ. ಪಕ್ಕದಲ್ಲಿರುವವರೊಡನೆ ದನಿಯೇರಿಸದೆ ಮಾತಾಡಬಹುದಾದ ಮಟ್ಟದಲ್ಲಿ ಕೇಳುತ್ತ ಕೆಲಸ ಮಾಡಿದರೆ ಸಮತೋಲವೂ ಸಿಗುತ್ತದೆ, ಕಿವಿಯೂ ಉಳಿಯುತ್ತದೆ.

ಎರಡನೆಯ ಮೋಸ ಇನ್ನೂ ಸೂಕ್ಷ್ಮವಾದದ್ದು. ಒಂದೇ ಧ್ವನಿಯನ್ನು ಒಂದು ಡೆಸಿಬಲ್ ಹೆಚ್ಚಿಸಿ ಕೇಳಿಸಿದರೆ ಹೆಚ್ಚಿನವರು ಅದನ್ನೇ ಉತ್ತಮ ಎನ್ನುತ್ತಾರೆ. ಬಹಳಷ್ಟು ಪ್ಲಗಿನ್‌ಗಳು ಹಾಕಿದೊಡನೆ ಪ್ರಮಾಣವನ್ನೂ ಏರಿಸುವುದರಿಂದ ಸುಧಾರಣೆ ಆಗದಿದ್ದರೂ ಆದಂತೆ ತೋರುತ್ತದೆ. ಪ್ಲಗಿನ್ ಹಾಕಿ ಮತ್ತು ತೆಗೆದು ಹೋಲಿಸುವ ಮುನ್ನ ಎರಡರ ಪ್ರಮಾಣವನ್ನೂ ಸಮ ಮಾಡಿಕೊಳ್ಳಬೇಕು. ಮೆಚ್ಚಿನ ವೃತ್ತಿಪರ ಧ್ವನಿಮುದ್ರಣವೊಂದನ್ನು ಪಕ್ಕದ ಟ್ರ್ಯಾಕಿನಲ್ಲಿಟ್ಟು ಆಗಾಗ ಹೋಲಿಸುವಾಗಲೂ ಇದೇ ನಿಯಮ.

ಮಾಸ್ಟರಿಂಗ್ ಮತ್ತು ಜೋರಿನ ಲೆಕ್ಕ

ಮಿಕ್ಸ್ ಮುಗಿದ ಮೇಲೆ ಲಿಮಿಟರ್ ಹಾಕದೆ, ಗರಿಷ್ಠ ಮಟ್ಟ −6ರ ಹತ್ತಿರ ಇರುವಂತೆ 24 ಬಿಟ್ ವೇವ್ (ಕುಗ್ಗಿಸದ) ಕಡತವಾಗಿ ಹೊರತೆಗೆದು, ಒಂದೆರಡು ದಿನ ಬಿಟ್ಟು ಹೊಸ ಕಿವಿಯಿಂದ ಕೇಳಿದರೆ ಒಳ್ಳೆಯದು. ಮಾಸ್ಟರಿಂಗಿನಲ್ಲಿ ಈಕ್ವಲೈಸರಿನ ಬದಲಾವಣೆ ಒಂದೆರಡು ಡೆಸಿಬಲ್ ಮೀರಬಾರದು. ಮೀರಬೇಕಾಗಿ ಬಂದರೆ ದೋಷ ಮಿಕ್ಸಿನಲ್ಲಿದೆ ಎಂದು ತಿಳಿದು ಅಲ್ಲಿಗೇ ಮರಳಬೇಕು. ಕೊನೆಯಲ್ಲಿ ಬರುವ ಲಿಮಿಟರ್, ನಿಗದಿತ ಮಟ್ಟವನ್ನು ಯಾವ ಕಾರಣಕ್ಕೂ ದಾಟಗೊಡದ ಅತಿ ಕಟ್ಟುನಿಟ್ಟಿನ ಕಂಪ್ರೆಸರ್. ಅದರ ಮಿತಿಯನ್ನು ಸೊನ್ನೆಗೆ ಇಡದೆ −1ಕ್ಕೆ ಇಡುತ್ತಾರೆ, ಏಕೆಂದರೆ ಅಳೆದ ಎರಡು ಬಿಂದುಗಳ ನಡುವೆ ನಿಜವಾದ ಅಲೆ ಇನ್ನೂ ಎತ್ತರ ಹೋಗಿರಬಹುದು, ಕಡತವನ್ನು ಎಂಪಿ3 ಅಥವಾ ಎಎಸಿ ರೂಪಕ್ಕೆ ಕುಗ್ಗಿಸುವಾಗಲೂ ಅಲೆಯ ತುದಿ ಸ್ವಲ್ಪ ಏರಬಹುದು. ಈ ನಿಜವಾದ ತುದಿಗೆ ಟ್ರೂ ಪೀಕ್ ಎಂದು ಹೆಸರು.

ಹಾಡು ಎಷ್ಟು ಜೋರಿರಬೇಕು ಎಂಬುದು ಹವ್ಯಾಸಿಗಳನ್ನು ಹೆಚ್ಚು ಕಾಡುವ ಪ್ರಶ್ನೆ. ಸಿಡಿಯ ಕಾಲದಲ್ಲಿ ಪಕ್ಕದವರಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯಿಂದ ಹಾಡುಗಳನ್ನು ಲಿಮಿಟರಿನಿಂದ ಅದುಮಿ ಅದುಮಿ ಏರಿಳಿತವೇ ಇಲ್ಲದಂತೆ ಮಾಡಲಾಗುತ್ತಿತ್ತು. ಅಲೆಯ ತುದಿಯ ಎತ್ತರವನ್ನು ಬಿಟ್ಟು ಕಿವಿಗೆ ಅನಿಸುವ ಜೋರನ್ನೇ ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಗೊತ್ತುಪಡಿಸಿತು. ಅದರ ಏಕಮಾನ ಎಲ್‌ಯುಎಫ್‌ಎಸ್, ಬಳಕೆಯ ಮಾತಿನಲ್ಲಿ ಲಫ್ಸ್. ಯೂರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಟಿವಿ, ರೇಡಿಯೋಗಳಿಗೆ −23 ಲಫ್ಸ್ ಎಂಬ ಗುರಿ ಇಟ್ಟಿತು. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಾಡುಗಳನ್ನು −14 ಲಫ್ಸ್‌ಗೆ ಹೊಂದಿಸುತ್ತದೆ. ಯೂಟ್ಯೂಬ್ ಕೂಡ ಅದೇ ಮಟ್ಟದ ಆಸುಪಾಸಿಗೆ ಜೋರಿನ ಹಾಡುಗಳನ್ನು ಇಳಿಸುತ್ತದೆ, ಆದರೆ ಮೆಲುವಾದವನ್ನು ಏರಿಸುವುದಿಲ್ಲ.

ಮೊದಲು ಹೇಳಿದ ಮಂಕುತನದ ದೂರಿಗೆ ಅರ್ಧ ಉತ್ತರ ಇಲ್ಲಿದೆ. −22 ಲಫ್ಸ್‌ನಲ್ಲಿ ಏರಿಸಿದ ಹಾಡು ಯೂಟ್ಯೂಬಿನಲ್ಲಿ ಹಾಗೆಯೇ ಉಳಿದು, −14ರ ಪಕ್ಕದ ಹಾಡಿಗಿಂತ 8 ಡೆಸಿಬಲ್ ಕಡಿಮೆ ಕೇಳುತ್ತದೆ. ಇನ್ನೊಂದು ತುದಿಯಲ್ಲಿ, −8 ಲಫ್ಸ್‌ಗೆ ಅದುಮಿದ ಹಾಡನ್ನು 6 ಡೆಸಿಬಲ್ ಇಳಿಸಲಾಗುತ್ತದೆ. ಜೋರೂ ಉಳಿಯುವುದಿಲ್ಲ, ಅದುಮಿ ಕಳೆದುಕೊಂಡ ತಬಲಾದ ಹೊಡೆತವೂ ಮರಳುವುದಿಲ್ಲ. ಏರಿಳಿತವೇ ಜೀವಾಳವಾದ ಭಾವಗೀತೆಗೆ −16ರಿಂದ −14 ಲಫ್ಸ್ ನಡುವಿನ ಮಟ್ಟ ಸರಿಹೊಂದುತ್ತದೆ. ಇದನ್ನು ಅಳೆಯುವ ಉಚಿತ ಮೀಟರ್ ಪ್ಲಗಿನ್‌ಗಳು ಬೇಕಾದಷ್ಟಿವೆ.

ಕಡತವನ್ನು ಕೊಟ್ಟರೆ ನಿಮಿಷಗಳಲ್ಲಿ ಮಾಸ್ಟರ್ ಮಾಡಿ ಕೊಡುವ ಸ್ವಯಂಚಾಲಿತ ಸೇವೆಗಳೂ ಈಗ ಇವೆ. ಜೋರು ಮತ್ತು ಒಟ್ಟಾರೆ ಬಣ್ಣವನ್ನು ಅವು ತಕ್ಕಮಟ್ಟಿಗೆ ಸರಿಪಡಿಸುತ್ತವೆ. ಈ ಪದದ ಅರ್ಥ ಕೇಳುಗನಿಗೆ ಮುಟ್ಟಬೇಕು, ಹಾಗಾಗಿ ಇಲ್ಲಿ ಕೊಳಲು ತಗ್ಗಬೇಕು ಎಂಬ ತೀರ್ಮಾನ ಮಾತ್ರ ಅವುಗಳ ಕೈಗೆ ಸಿಗುವುದಿಲ್ಲ.

ಅಭ್ಯಾಸ ಮತ್ತು ಕಡತಗಳ ರಕ್ಷಣೆ

ಕಲಿಯಲು ದುಬಾರಿ ತಂತ್ರಾಂಶ ಬೇಕಿಲ್ಲ. ಆಪಲ್ ಯಂತ್ರಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ, ಆರ್ಡರ್ ಮುಕ್ತ ತಂತ್ರಾಂಶ, ರೀಪರ್ ಅರವತ್ತು ದಿನ ಪರೀಕ್ಷಿಸಿ ನೋಡಲು ಸಿಗುತ್ತದೆ. 2000ದಿಂದಲೂ ಉಚಿತವಾಗಿರುವ ಆಡಾಸಿಟಿ ಮುದ್ರಿಸಿ ಕತ್ತರಿಸಲು ಅನುಕೂಲ, ಅನೇಕ ಟ್ರ್ಯಾಕುಗಳ ಮಿಕ್ಸಿಂಗಿಗೆ ಮೊದಲ ಮೂರು ಹೆಚ್ಚು ಹೊಂದುತ್ತವೆ. ಸ್ವಂತ ಮುದ್ರಣ ಇಲ್ಲದವರು ಕೇಂಬ್ರಿಡ್ಜ್ ಮ್ಯೂಸಿಕ್ ಟೆಕ್ನಾಲಜಿ ತಾಣದಲ್ಲಿ ಅಭ್ಯಾಸಕ್ಕೆಂದು ಉಚಿತವಾಗಿ ಇಟ್ಟಿರುವ ಬಿಡಿ ಟ್ರ್ಯಾಕುಗಳನ್ನು ಇಳಿಸಿಕೊಂಡು ಕೈಪಳಗಿಸಿಕೊಳ್ಳಬಹುದು.

ಮುಗಿದ ಹಾಡಿನ ಎಂಪಿ3 ಒಂದನ್ನೇ ಉಳಿಸಿಕೊಂಡರೆ ಮುಂದೆ ಏನನ್ನೂ ತಿದ್ದಲಾಗದು. ತಂತ್ರಾಂಶದ ಪ್ರಾಜೆಕ್ಟ್ ಕಡತವನ್ನು ನಂಬುವಂತೆಯೂ ಇಲ್ಲ, ಅಂದು ಬಳಸಿದ ಪ್ಲಗಿನ್ ಹೊಸ ಕಂಪ್ಯೂಟರಿನಲ್ಲಿ ತೆರೆಯದೇ ಹೋಗಬಹುದು. ಆದ್ದರಿಂದ ಪ್ರತಿ ಟ್ರ್ಯಾಕನ್ನೂ ಹಾಡಿನ ಆರಂಭಬಿಂದುವಿನಿಂದಲೇ ಶುರುವಾಗುವಂತೆ ಬಿಡಿ ವೇವ್ ಕಡತವಾಗಿ ಹೊರತೆಗೆದಿಡಬೇಕು. ಆಗ ಯಾವ ತಂತ್ರಾಂಶದಲ್ಲಿ ತೆರೆದರೂ ಎಲ್ಲವೂ ತಾಳಕ್ಕೆ ಸರಿಯಾಗಿ ಕೂರುತ್ತವೆ. 24 ಬಿಟ್, 48,000 ದರದ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಹಿಡಿಯುತ್ತದೆ, ಹತ್ತು ಟ್ರ್ಯಾಕುಗಳ ಐದು ನಿಮಿಷದ ಹಾಡಿಗೆ 430 ಎಂಬಿಯಷ್ಟು. ಪ್ಲಗಿನ್ ಹಾಕದ ಮೂಲ ರೂಪವನ್ನು ಒಂದು ಫೋಲ್ಡರಿನಲ್ಲಿ, ಹಾಕಿದ ರೂಪವನ್ನು ಇನ್ನೊಂದರಲ್ಲಿ ಇಟ್ಟು, ಜೊತೆಗೆ ಹಾಡಿನ ಶ್ರುತಿ, ತಾಳ, ನಿಮಿಷಕ್ಕೆ ಎಷ್ಟು ಮಾತ್ರೆಯ ವೇಗ ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಬರೆದಿಟ್ಟರೆ, ನಾಳೆ ಬೇರೊಬ್ಬ ಕೊಳಲು ವಾದಕರು ಸಿಕ್ಕಾಗ ಅವರ ಭಾಗವನ್ನಷ್ಟೇ ಹೊಸದಾಗಿ ಮುದ್ರಿಸಿ ಸೇರಿಸಬಹುದು.